ದಾರಿ ತೋರಿಸುವ ಮಾರ್ಕರ್ ಬೇಕಾ ಬೇಡವಾ? ಓಪನ್ ವರ್ಲ್ಡ್ ಆರ್‌ಪಿಜಿ ಆಡುವವರು ಹೇಳಿ

ಕಾಳಿ ದಂಡೆ (ಕಾರವಾರ)

ಮಳೆ ಬಿಡುತ್ತಿಲ್ಲ. ಎರಡು ವಾರದಿಂದ ಮನೆಯಲ್ಲೇ ಕೂತು ದಿ ವಿಚರ್ 3 ಆಡುತ್ತಿದ್ದೇನೆ. ದೊಡ್ಡ ಲೋಕದಲ್ಲಿ ಎಲ್ಲಿ ಬೇಕಾದರೂ ತಿರುಗಬಹುದಾದ (ಓಪನ್ ವರ್ಲ್ಡ್) ವಿಡಿಯೋ ಗೇಮ್. 2015ರ ಆಟ, ನನಗೆ ಈಗ ಸಮಯ ಸಿಕ್ಕಿತು. ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನೆ ರಾತ್ರಿ ಆಡುತ್ತಿರುವಾಗ ಕರೆಂಟ್ ಹೋಯಿತು. ಕತ್ತಲಲ್ಲಿ ಸುಮ್ನೆ ಕೂತು, ಇಷ್ಟು ಹೊತ್ತು ಎಲ್ಲೆಲ್ಲಿ ಓಡಾಡಿದೆ ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಹಳ್ಳಿಯೂ ಕಣ್ಣ ಮುಂದೆ ಬರಲಿಲ್ಲ. ಬಂದದ್ದು ಸ್ಕ್ರೀನಿನ ಮೂಲೆಯ ದುಂಡನೆ ಮ್ಯಾಪ್ (ಮಿನಿಮ್ಯಾಪ್) ಮತ್ತು ಎಲ್ಲಿಗೆ ಹೋಗಬೇಕು ಅಂತ ಅದರ ಮೇಲೆ ತೋರಿಸುವ ಚುಕ್ಕೆ ಚುಕ್ಕೆ ಗೆರೆ. ಮೂರು ತಾಸು ಕುದುರೆ ಓಡಿಸಿದ್ದೇನೆ, ನೋಡಿದ್ದು ಆ ಗೆರೆ ಮಾತ್ರ!

ಹೋದ ವರ್ಷ ಶಿರಸಿ ಆಚೆ ಒಬ್ಬ ಸ್ನೇಹಿತನ ಮನೆಗೆ ಹೋಗಬೇಕಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಹೇಳಿದರು: "ಕಟ್ಟೆ ದಾಟಿ ಎಡಕ್ಕೆ ಇಳೀರಿ. ಸಂಕ ಬರ್ತದೆ. ಸಂಕ ದಾಟಿದ ಮೇಲೆ ಎರಡನೇ ದಣಪೆ. ನಾಯಿ ಇದ್ದು, ಏನೂ ಮಾಡ್ತಿಲ್ಲೆ." (ಸಂಕ ಅಂದರೆ ಕಾಲುಸೇತುವೆ, ದಣಪೆ ಅಂದರೆ ಗಳ ಅಡ್ಡ ಹಾಕಿದ ಬೇಲಿಯ ಬಾಗಿಲು.) ಆ ದಾರಿಯ ಒಂದೊಂದು ತಿರುವೂ ಇವತ್ತಿಗೂ ನೆನಪಿದೆ. ಸಂಕದ ಮೇಲಿನ ಪಾಚಿ, ಎರಡನೇ ದಣಪೆಯ ಒಂದು ಗಳ ಮುರಿದಿದ್ದದ್ದು, ಎಲ್ಲ.

ಒಂದು ಲೋಕದ ಒಳಗೆ ಹೋಗಬೇಕು ಅಂತಲೇ ಇಂಥ ಆಟ ಆಡುವುದಲ್ವಾ? ಹಾಗಿದ್ದರೆ ದಾರಿ ಹುಡುಕುವ ಕೆಲಸವನ್ನು ನಮ್ಮ ಕೈಯಿಂದ ಯಾಕೆ ಕಿತ್ತುಕೊಂಡಿದ್ದಾರೆ? ನಿಮಗೆಲ್ಲ ಏನನ್ನಿಸುತ್ತದೆ?

ಕರಿ ಈಶಾಡು (ಅಂಕೋಲಾ)

ಸೆಟ್ಟಿಂಗ್ಸಿಗೆ ಹೋಗಿ ಮಿನಿಮ್ಯಾಪ್ ಆಫ್ ಮಾಡು ಮಾರಾಯ. ಮುಗೀತು.

ದಣಪೆ ದಾಟಿದವ (ಶಿರಸಿ)

ಅಷ್ಟಕ್ಕೇ ಮುಗಿಯುವುದಿಲ್ಲ ಈಶಾಡು. ಆಫ್ ಮಾಡಬಹುದು, ಆದರೆ ಆಟವನ್ನು ಕಟ್ಟಿರುವುದೇ ಮಾರ್ಕರ್ ಇರುತ್ತದೆ ಅಂತ. ಸ್ಕೈರಿಮ್ ಅನ್ನುವ ಆಟದಲ್ಲಿ ಮಾರ್ಕರ್ ತೆಗೆದು ನೋಡು. ಕೆಲಸ ಕೊಟ್ಟವನು "ಇಂಥ ಗುಹೆಯಿಂದ ಇಂಥದ್ದು ತಂದುಕೊಡು" ಅನ್ನುತ್ತಾನೆ. ಗುಹೆ ಎಲ್ಲಿದೆ ಅಂತ ಹೇಳುವುದೇ ಇಲ್ಲ. ಕೊಟ್ಟ ಕೆಲಸ ಬರೆದಿಡುವ ಜರ್ನಲ್ ತೆಗೆದರೆ ಅಲ್ಲೂ ಒಂದೇ ಸಾಲು. ಯಾಕೆಂದರೆ ಹೇಳುವ ಕೆಲಸ ಮಾರ್ಕರಿನ ಬಾಣದ್ದು. ಬಾಣ ತೆಗೆದರೆ ನಮಗೆ ಕಣ್ಣೂ ಇಲ್ಲ, ಬಾಯಿಯೂ ಇಲ್ಲ.

ಅದೇ ಕಂಪನಿಯ 2002ರ ಮಾರೋವಿಂಡ್ ನೋಡಿ. ಅಲ್ಲಿ ಕ್ವೆಸ್ಟ್ (ಕೊಟ್ಟ ಕೆಲಸ) ಎಲ್ಲಿದೆ ಅಂತ ತೋರಿಸುವ ಮಾರ್ಕರ್ ಇಲ್ಲವೇ ಇಲ್ಲ. ಜನ ಬಾಯಲ್ಲಿ ದಾರಿ ಹೇಳುತ್ತಾರೆ, ನಿಮ್ಮ ಅಂಗಡಿ ಹಿರಿಯರ ಹಾಗೆಯೇ. ಸೇತುವೆ ದಾಟು, ಬಂಡೆ ಕಂಡಲ್ಲಿ ತಿರುಗು, ಹೀಗೆ. ಕೆಲವು ಕಡೆ ಹೇಳಿದ ದಾರಿ ತಪ್ಪೇ ಇರುತ್ತಿತ್ತು! 2006ರಲ್ಲಿ ಅವರದೇ ಅಬ್ಲಿವಿಯನ್ ಬಂತು, ಅದರ ದಿಕ್ಸೂಚಿಯಲ್ಲಿ ಮಾರ್ಕರ್ ಬಂತು. ಆಮೇಲೆ ಯಾರೂ ಹಿಂದೆ ನೋಡಲಿಲ್ಲ.

ಮಾರೋವಿಂಡ್‌ನಲ್ಲಿ ಬೇಗ ಹೋಗಲು ಉಪಾಯವೇ ಇಲ್ಲ ಅಂತಲ್ಲ. ಸಿಲ್ಟ್ ಸ್ಟ್ರೈಡರ್ ಅಂತ ಒಂದು ಇದೆ. ತೆಂಗಿನ ಮರದಷ್ಟು ಎತ್ತರದ ಕಾಲಿನ ಹುಳ. ಊರ ಅಂಚಿನ ಅಟ್ಟಣಿಗೆ ಹತ್ತಿ, ದುಡ್ಡು ಕೊಟ್ಟು ಕೂತರೆ ಇನ್ನೊಂದು ಊರಿಗೆ ಬಿಡುತ್ತದೆ. ಶಿರಸಿ ಬಸ್ ಸ್ಟ್ಯಾಂಡಿಗೆ ಹೋಗಿ ಕುಮಟಾ ಬಸ್ ಹತ್ತಿದ ಹಾಗೆ. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಳಿದು ಬೇರೆ ಹಿಡಿಯಬೇಕು ಅಂತ ತಿಳಿದುಕೊಂಡ ಹಾಗೆ ಆ ನಾಡು ನಮ್ಮದಾಗುತ್ತದೆ. ಫಾಸ್ಟ್ ಟ್ರಾವೆಲ್ (ನಡೆಯದೆ ಥಟ್ಟನೆ ಬೇರೆ ಕಡೆ ಹೋಗುವುದು) ಕೂಡ ಲೋಕದ ಒಳಗಿನ ವಸ್ತುವೇ ಆಗಿರಬೇಕು ಅನ್ನುವುದು ನನ್ನ ವಾದ.

ರಾತ್ರಿ ಪಾಳಿ (ಕಾರವಾರ)

ನಿಮ್ಮ ಮಾತು ಚೆನ್ನಾಗಿದೆ. ಆದರೆ ಒಮ್ಮೆ ನನ್ನ ದಿನ ಹೇಗಿದೆ ಕೇಳಿ.

ಪಾಳಿ ಕೆಲಸ. ಇಬ್ಬರು ಮಕ್ಕಳು. ಚಿಕ್ಕದಕ್ಕೆ ಎರಡು ವರ್ಷ. ಅವರು ಮಲಗಿದ ಮೇಲೆ ನನಗೆ ಸಿಗುವುದು ಮುಕ್ಕಾಲು ತಾಸು, ಅದೂ ವಾರಕ್ಕೆ ಮೂರು ದಿನ. ಅಷ್ಟರಲ್ಲಿ ನಾನು ಬಂಡೆ ಹುಡುಕುತ್ತಾ ಕೂತರೆ ಕಥೆ ಯಾವಾಗ ನೋಡಲಿ? ಹೋದ ಬಾರಿ ಎಲ್ಲಿ ನಿಲ್ಲಿಸಿದ್ದೆ ಅನ್ನುವುದೇ ಮರೆತಿರುತ್ತದೆ. ಆಟ ತೆರೆದ ಕೂಡಲೇ "ಇಲ್ಲಿಗೆ ಹೋಗು" ಅಂತ ಒಂದು ಗುರುತು ಕಂಡರೆ ಎಷ್ಟು ಸಮಾಧಾನ ಗೊತ್ತಾ. ಮಾರ್ಕರ್ ಇರುವುದರಿಂದಲೇ ನಾನು ಇನ್ನೂ ಈ ಆಟಗಳನ್ನು ಆಡುತ್ತಿದ್ದೇನೆ. ಅದು ಇಲ್ಲದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಶರಾವತಿ ಸಂಗಮ (ಹೊನ್ನಾವರ)

ರಾತ್ರಿ ಪಾಳಿ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಗೆಳೆಯನ ಮನೆಯಲ್ಲಿ ಸ್ಕೈರಿಮ್ ಮೊದಲ ಸಲ ಆಡಿದೆ. ಗಾಡಿಯಲ್ಲಿ ಕೈ ಕಟ್ಟಿ ಕರೆದುಕೊಂಡು ಹೋಗುತ್ತಾರಲ್ಲ, ಆ ಶುರುವಿನ ಮಾತೇ ನನಗೆ ಅರ್ಥ ಆಗಲಿಲ್ಲ. ಎದುರಿಗೆ ಕೂತವನು ಏನೋ ಹೇಳುತ್ತಿದ್ದಾನೆ, ಕೆಳಗೆ ಸಬ್‌ಟೈಟಲ್ ಓಡುತ್ತಿದೆ, ನಾನು ಅರ್ಧ ಓದುವಷ್ಟರಲ್ಲಿ ಹೋಯಿತು. ಆದರೆ ಬಾಣ ಅರ್ಥ ಆಯಿತು. ಬಾಣದ ಹಿಂದೆ ಹೋಗಿ ಹೋಗಿ ಆಟ ಕಲಿತೆ. ಆಟದಿಂದ ಇಂಗ್ಲಿಷ್ ಕಲಿತೆ. ಮೊದಲು ಅಂಗಡಿಯವನ ಮಾತು, ಆಮೇಲೆ ಅಲ್ಲಿ ಸಿಗುವ ಪುಸ್ತಕಗಳನ್ನೇ ಓದಲು ಶುರು ಮಾಡಿದೆ.

ಮಾರೋವಿಂಡ್ ಥರದ ಆಟ ಆಗ ನನ್ನ ಕೈಗೆ ಸಿಕ್ಕಿದ್ದರೆ ಹತ್ತು ನಿಮಿಷಕ್ಕೆ ಮುಚ್ಚಿಡುತ್ತಿದ್ದೆ. ಬಾಯಲ್ಲಿ ದಾರಿ ಹೇಳುವುದು ಚೆಂದವೇ. ನಮ್ಮ ಭಾಷೆಯಲ್ಲಿ ಹೇಳಿದರೆ ಇನ್ನೂ ಚೆಂದ. ಪೋಲಿಷ್, ಚೆಕ್, ಹಂಗೇರಿಯನ್ ಭಾಷೆಗೆಲ್ಲ ವಿಚರ್ ಇದೆ. ಕನ್ನಡಕ್ಕೆ ಸಬ್‌ಟೈಟಲ್ ಕೂಡ ಇಲ್ಲ. ಅಲ್ಲಿಯವರೆಗೆ ಬಾಣವೇ ನಮ್ಮ ಭಾಷೆ.

ಕಾಳಿ ದಂಡೆ (ಕಾರವಾರ)

ಶರಾವತಿ, ಇದು ನನಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ್ದು ಸರಿ. ಮಾರ್ಕರ್ ಪೂರ್ತಿ ತೆಗೆಯಬೇಕು ಅಂತ ಇನ್ನು ಹೇಳುವುದಿಲ್ಲ. ಎರಡೂ ಇರಲಿ, ಆದರೆ ಮಾರ್ಕರ್ ಬೇಡ ಅಂದವನಿಗೂ ದಾರಿ ಗೊತ್ತಾಗುವ ಹಾಗೆ ಮಾತು ಬರೆದಿಡಲಿ. ಅಷ್ಟು ಕೇಳಬಹುದಲ್ವಾ?

ವರದೆ (ಬನವಾಸಿ)

ಓದು ಬಾರದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕಿಂಗ್‌ಡಮ್ ಕಮ್: ಡೆಲಿವರನ್ಸ್ ಯಾರಾದರೂ ಆಡಿದ್ದೀರಾ? 2018ರದ್ದು, ಚೆಕ್ ದೇಶದ ವಾರ್‌ಹಾರ್ಸ್ ಮಾಡಿದ್ದು. 1403ರ ಬೊಹೀಮಿಯಾ. ಮಾಟ ಇಲ್ಲ, ಡ್ರ್ಯಾಗನ್ ಇಲ್ಲ. ಹೆನ್ರಿ ಅಂತ ಕಮ್ಮಾರನ ಮಗ. ಅವನಿಗೆ ಓದಲು ಬರುವುದಿಲ್ಲ.

ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಿರುತ್ತವೆ. ಆಡುವ ನಮಗೂ ಓದಲು ಆಗುವುದಿಲ್ಲ. ಒಂದು ಹಳ್ಳಿಯಲ್ಲಿ ಬರೆಯುವವನೊಬ್ಬ ಇದ್ದಾನೆ, ಅವನ ಹತ್ತಿರ ಕಲಿಯಬೇಕು. ಕಲಿತ ಮೇಲೂ ಒಮ್ಮೆಲೇ ಎಲ್ಲ ಬರುವುದಿಲ್ಲ. ಒಂದು ಪದ ಸರಿ ಇರುತ್ತದೆ, ಪಕ್ಕದ್ದು ಹಿಂದೆ ಮುಂದೆ. ಓದುತ್ತಾ ಹೋದ ಹಾಗೆ ಸಾಲು ಸಾಲು ತಿಳಿಯಾಗುತ್ತದೆ. ನಮ್ಮ ಅಜ್ಜಿ ವಯಸ್ಸಾದ ಮೇಲೆ ರಾತ್ರಿ ಶಾಲೆಯಲ್ಲಿ ಓದಲು ಕಲಿತವರು. ಬಸ್ಸಿನ ಬೋರ್ಡ್ ಮೊದಲ ಸಲ ತಾನೇ ಓದಿದ ದಿನದ ಬಗ್ಗೆ ಎಷ್ಟು ಸಲ ಹೇಳಿದ್ದಾರೋ. ಆಟದಲ್ಲಿ ಮೊದಲ ಪುಟ ತಿಳಿಯಾದಾಗ ನನಗೆ ಅಜ್ಜಿಯೇ ನೆನಪಾದರು. ಲೋಕದ ಒಳಗೆ ಹೋಗುವುದು ಅಂದರೆ ನನಗೆ ಇದು.

ಕಾಳಿ ದಂಡೆಯವರಿಗೆ: ಅದರಲ್ಲಿ ಹಾರ್ಡ್‌ಕೋರ್ ಮೋಡ್ ಅಂತ ಕಷ್ಟದ ಆಯ್ಕೆ ಒಂದಿದೆ. ಫಾಸ್ಟ್ ಟ್ರಾವೆಲ್ ಇಲ್ಲ, ಮ್ಯಾಪಿನಲ್ಲಿ ನೀವೆಲ್ಲಿದ್ದೀರಿ ಅಂತ ತೋರಿಸುವುದಿಲ್ಲ.

ರಾತ್ರಿ ಪಾಳಿ (ಕಾರವಾರ)

ಅದರಲ್ಲಿ ಸೇವ್ ಮಾಡಲು ಮದ್ಯದ ಬಾಟಲಿ ಬೇಕಲ್ಲ? ಮಗು ಎದ್ದು ಅತ್ತರೆ ನಾನು ಏನು ಮಾಡಲಿ.

ವರದೆ (ಬನವಾಸಿ)

ಶುರುವಿನಲ್ಲಿ ಹಾಗಿತ್ತು. ಬಾಟಲಿ ಕುಡಿಯಬೇಕು, ಇಲ್ಲ ಹಾಸಿಗೆಯಲ್ಲಿ ಮಲಗಬೇಕು. ಜನ ಬಹಳ ಕೇಳಿದ ಮೇಲೆ ಅಪ್‌ಡೇಟ್‌ನಲ್ಲಿ "ಸೇವ್ ಮಾಡಿ ಹೊರಗೆ ಹೋಗು" ಕೊಟ್ಟರು. ಈಗ ಧೈರ್ಯವಾಗಿ ಆಡಿ.

ಕಡಲ ಮಲ್ಲಿಗೆ (ಭಟ್ಕಳ)

ನೀವೆಲ್ಲ ಮ್ಯಾಪ್, ಬಾಣ, ಸೇವ್ ಅಂತ ಜಗಳ ಮಾಡುತ್ತಿದ್ದೀರಿ. ನನಗೆ ವಿಚರ್ 3 ನೆನಪಿರುವುದು ಬೇರೆಯದಕ್ಕೆ. ಆಟದೊಳಗಿನ ವೆಲೆನ್ ಅನ್ನುವ ಸೀಮೆಯಲ್ಲಿ ಬ್ಯಾರನ್ ಅಂತ ಒಬ್ಬ ಬರುತ್ತಾನೆ. (ಆಡದವರು ಈ ಪ್ಯಾರಾ ಬಿಟ್ಟುಬಿಡಿ.) ಕುಡುಕ, ಹೆಂಡತಿಗೆ ಹೊಡೆಯುವವನು. ಹುಟ್ಟುವ ಮೊದಲೇ ಸತ್ತ ಕೂಸು ದೆವ್ವವಾಗಿರುತ್ತದೆ. ಅದನ್ನು ಅವನೇ ಎತ್ತಿಕೊಂಡು ರಾತ್ರಿ ನಡೆಯಬೇಕು. ನಾವು ಪಕ್ಕದಲ್ಲಿ ನಡೆಯಬೇಕು. ದಾರಿಯಲ್ಲಿ ಅದು ರೊಚ್ಚಿಗೆದ್ದರೆ ಸಮಾಧಾನ ಮಾಡಬೇಕು. ಕೊನೆಗೆ ಹೊಸ್ತಿಲ ಬುಡದಲ್ಲಿ ಹುಗಿದು ಹೆಸರಿಡುತ್ತಾನೆ.

ಹೊಸ್ತಿಲು! ನಮ್ಮ ಮನೆಯಲ್ಲಿ ಹೊಸ್ತಿಲ ಮೇಲೆ ಕೂರಲು ಬಿಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆ ರಂಗೋಲಿ. ಪೋಲೆಂಡಿನವರು ಮಾಡಿದ ಆಟದಲ್ಲಿ ಹೊಸ್ತಿಲಿಗೆ ಅಷ್ಟು ತೂಕ ಕೊಟ್ಟದ್ದು ನೋಡಿ ಮೈ ಜುಂ ಅಂದಿತು. ಅವನ ಮೇಲೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು. ಆ ರಾತ್ರಿ ಮಿನಿಮ್ಯಾಪ್ ಇತ್ತೋ ಇಲ್ಲವೋ ನನಗೆ ಗೊತ್ತೇ ಇಲ್ಲ. ಬರವಣಿಗೆ ಗಟ್ಟಿ ಇದ್ದರೆ ಬಾಣ ಅಡ್ಡ ಬರುವುದಿಲ್ಲ.

ಬಲೆ ದೋಣಿ (ಬೇಲೇಕೇರಿ)

ಅಕ್ಕ, ಬ್ಯಾರನ್ ಭಾಗ ನಾನೂ ಒಪ್ಪುತ್ತೇನೆ. ಆದರೆ ಅದೇ ಆಟದ ಸ್ಕೆಲ್ಲಿಗೆ ನೋಡಿ. ದ್ವೀಪಗಳು, ಸುತ್ತ ಸಮುದ್ರ. ನಮ್ಮದು ಮೀನುಗಾರರ ಮನೆ, ಸಮುದ್ರ ಅಂದ ಕೂಡಲೇ ಆಸೆಯಿಂದ ಹೋದೆ. ಮ್ಯಾಪ್ ತುಂಬ ಪ್ರಶ್ನೆ ಚಿಹ್ನೆ. ಒಂದೊಂದಕ್ಕೂ ದೋಣಿ ತೆಗೆದುಕೊಂಡು ಹೋದರೆ ನೀರಲ್ಲಿ ತೇಲುವ ಪೀಪಾಯಿ, ಮೇಲಿಂದ ಹಾರಿ ಬರುವ ಸೈರನ್ ಅನ್ನುವ ರಾಕ್ಷಸಿ. ಮುಂದಿನದಕ್ಕೆ ಹೋದರೆ ಮತ್ತೆ ಅದೇ. ಅದರ ಮುಂದಿನದೂ ಅದೇ.

ಸಮುದ್ರ ಹಾಗಿರುವುದಿಲ್ಲ. ನಮ್ಮ ಅಪ್ಪ ದಡದ ಗುಡ್ಡ ನೋಡಿ ದೋಣಿ ಎಲ್ಲಿದೆ ಹೇಳುತ್ತಿದ್ದರು. ಎರಡು ಗುಡ್ಡ ಒಂದರ ಹಿಂದೆ ಒಂದು ಬಂದಾಗ ಇಂಥ ಕಡೆ ಕಲ್ಲಿದೆ, ಬಲೆ ಹರಿಯುತ್ತದೆ, ಆಚೆ ಹೋಗು ಅಂತ. ನೀರಿನ ಬಣ್ಣ, ಗಾಳಿ, ಹಕ್ಕಿ ಎಲ್ಲಿ ಇಳಿಯುತ್ತಿದೆ, ಎಲ್ಲ ಓದಬೇಕು. ಅಂಥ ಒಂದು ಕೆಲಸ ಆ ಸಮುದ್ರದಲ್ಲಿ ಕೊಟ್ಟಿದ್ದರೆ ನಾನು ದಡಕ್ಕೇ ಬರುತ್ತಿರಲಿಲ್ಲ.

ಕಾಳಿ ದಂಡೆ (ಕಾರವಾರ)

ಬಲೆ ದೋಣಿ, ನಾನು ಹೇಳಬೇಕೆಂದಿದ್ದನ್ನು ನೀವು ನನಗಿಂತ ಚೆನ್ನಾಗಿ ಹೇಳಿದಿರಿ.

ಹಾರ್ನ್‌ಬಿಲ್ (ದಾಂಡೇಲಿ)

ಯಾರೂ ಎಲ್ಡನ್ ರಿಂಗ್ ಹೆಸರೇ ತೆಗೆಯಲಿಲ್ಲವಲ್ಲ! 2022ರಲ್ಲಿ ಬಂದು ಈ ಚರ್ಚೆಯನ್ನು ಮುಗಿಸಿಬಿಟ್ಟಿದೆ. ಕ್ವೆಸ್ಟ್ ಪಟ್ಟಿಯೇ ಇಲ್ಲ. ಮ್ಯಾಪ್ ಕೂಡ ತುಂಡು ತುಂಡಾಗಿ ನೀವೇ ಹುಡುಕಬೇಕು. ಬಾಗಿಲು ತೆರೆದು ಹೊರಗೆ ಕಾಲಿಟ್ಟ ಕೂಡಲೇ ಚಿನ್ನದ ಬಣ್ಣದ ಕುದುರೆ ಸವಾರ. ಎದುರು ಹೋದರೆ ಒಂದೇ ಏಟು. ಆಗ ತಿಳಿಯುತ್ತದೆ, ಇವನನ್ನು ಸುತ್ತು ಹಾಕಿ ಹೋಗಬೇಕು, ಬಲ ಬಂದ ಮೇಲೆ ವಾಪಸ್ ಬರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಲವೇ ಹೇಳಿಕೊಡುತ್ತದೆ.

ದಣಪೆ ದಾಟಿದವ (ಶಿರಸಿ)

ಆದರೆ ಅಲ್ಲಿನ ಪಾತ್ರಗಳ ಕಥೆ ಹಿಡಿಯಲು ನೀನು ಎಷ್ಟು ಸಲ ಯೂಟ್ಯೂಬ್ ತೆರೆದೆ, ಹೇಳು. ಒಬ್ಬ ಒಂದು ಕಡೆ ಮಾತಾಡಿಸುತ್ತಾನೆ, ಆಮೇಲೆ ಹತ್ತು ಮೈಲಿ ಆಚೆ ಎಲ್ಲೋ ಇರುತ್ತಾನೆ, ಸುಳಿವೇ ಇಲ್ಲ. ಬಾಣ ಇಲ್ಲ, ಬಾಯಿಮಾತೂ ಇಲ್ಲ. ದಾರಿ ಹೇಳದೆ ಕಳಿಸಿದರೆ ಅದು ಹುಡುಕಾಟ ಅಲ್ಲ, ಅಲೆದಾಟ.

ಹಾರ್ನ್‌ಬಿಲ್ (ದಾಂಡೇಲಿ)

ತೆರೆದೆ, ನಿಜ. ಆದರೂ ಆ ಅಲೆದಾಟದಲ್ಲೇ ನನಗೆ ಒಳ್ಳೆಯ ಜಾಗಗಳೆಲ್ಲ ಸಿಕ್ಕಿದ್ದು. ಲಿಫ್ಟ್ ಇಳಿದು ಇಳಿದು ಇಳಿದು, ಬಾಗಿಲು ತೆರೆದರೆ ನೆಲದ ಕೆಳಗೆ ನದಿ, ಮೇಲೆ ನಕ್ಷತ್ರ. ಅದನ್ನು ಬಾಣ ತೋರಿಸಿದ್ದರೆ ನಾನು ಅಷ್ಟು ಹೊತ್ತು ಬಾಯಿ ತೆರೆದು ನಿಲ್ಲುತ್ತಿರಲಿಲ್ಲ.

ಕರಿ ಈಶಾಡು (ಅಂಕೋಲಾ)

ರೆಡ್ ಡೆಡ್ 2 ಎಲ್ಲದಕ್ಕಿಂತ ಒಳ್ಳೆ ಆರ್‌ಪಿಜಿ.

ಹಾರ್ನ್‌ಬಿಲ್ (ದಾಂಡೇಲಿ)

ಅದು ಆರ್‌ಪಿಜಿ ಅಲ್ಲ ಈಶಾಡು. ಒಳ್ಳೆ ಆಟ, ಆದರೆ ಆರ್‌ಪಿಜಿ ಅಲ್ಲ.

ಅರ್ಥಧಾರಿ (ಸಿದ್ದಾಪುರ)

ಆರ್‌ಪಿಜಿ ಅಂದರೆ ಏನು ಅನ್ನುವುದೇ ಇಲ್ಲಿ ಯಾರೂ ಹೇಳಲಿಲ್ಲ. ಪಾತ್ರ ಮಾಡುವ ಆಟ. ಪಾತ್ರ! ಅದರ ಬಗ್ಗೆ ಮಾತಾಡೋಣ.

ನಮ್ಮ ಕಡೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಸುಲಭ. ಪ್ರಸಂಗ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆ, ಅದನ್ನು ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ. ಆಮೇಲೆ ಅರ್ಥ ಹೇಳುವವನು ಕೂತಲ್ಲೇ ಸ್ವಂತ ಮಾತು ಕಟ್ಟಬೇಕು. ಕೌರವನನ್ನು ಯಾಕೆ ಬಿಟ್ಟು ಬರುವುದಿಲ್ಲ ಅಂತ ಕೃಷ್ಣನಿಗೆ ಒಬ್ಬ ಋಣದ ಮಾತು ಹೇಳುತ್ತಾನೆ, ಇನ್ನೊಬ್ಬ ತಾಯಿಯ ಮೇಲಿನ ಸಿಟ್ಟು ತರುತ್ತಾನೆ. ಎದುರಿನ ಕೃಷ್ಣ ಅದಕ್ಕೆ ತಕ್ಕ ಹಾಗೆ ತಿರುಗಬೇಕು. ಬೆಳಗಿನವರೆಗೆ ಜನ ಕೂತು ಕೇಳುತ್ತಾರೆ.

ಹಾಗಾಗಿ "ವಿಚರ್‌ನಲ್ಲಿ ನಾವು ಆಡುವ ಗೆರಾಲ್ಟ್ ಮೊದಲೇ ಗಟ್ಟಿಯಾದ ವ್ಯಕ್ತಿ, ನಮಗೆ ಆಯ್ಕೆ ಇಲ್ಲ, ಅದು ಆರ್‌ಪಿಜಿ ಅಲ್ಲ" ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪಾತ್ರ ಮೊದಲೇ ಇರಲಿ. ಅದರ ಒಳಗೆ ಮಾತಾಡಲು ಜಾಗ ಇದೆಯಾ, ಎದುರಿನವನು ಆ ಮಾತಿಗೆ ತಿರುಗುತ್ತಾನಾ? ಅಷ್ಟೇ. ಸ್ಕೈರಿಮ್‌ನಲ್ಲಿ ನೀವು ಯಾರು ಬೇಕಾದರೂ ಆಗಬಹುದು. ಆದರೆ ಎದುರಿನವನು ತಿರುಗುವುದಿಲ್ಲ. ಎರಡು ಮೂರು ಮಂತ್ರ ಬಂದರೆ ಸಾಕು, ಮಾಂತ್ರಿಕರ ಕಾಲೇಜಿಗೇ ಯಜಮಾನರಾಗಬಹುದು. ಅಲ್ಲಿ ಯಾರೂ ಕೇಳುವುದಿಲ್ಲ.

ಶರಾವತಿ ಸಂಗಮ (ಹೊನ್ನಾವರ)

ಗುರುಗಳೇ, ಹೋಲಿಕೆ ಬಹಳ ಹಿಡಿಸಿತು. ಆದರೆ ಸ್ಕೈರಿಮ್ ಬಗ್ಗೆ ಒಂದು ಮಾತು. ಅಲ್ಲಿ ನಾನು ವರ್ಷಗಟ್ಟಲೆ ಆಡಿದ್ದೇನೆ, ಮುಖ್ಯ ಕಥೆ ಇವತ್ತಿಗೂ ಮುಗಿಸಿಲ್ಲ. ಒಂದು ಪಾತ್ರದಲ್ಲಿ ಬೇಟೆಗಾರ, ಚರ್ಮ ಹದ ಮಾಡಿ ಮಾರುವವನು. ಇನ್ನೊಂದರಲ್ಲಿ ಗಿಡ ಕಿತ್ತು ಮದ್ದು ಮಾಡುವ ಮುದುಕಿ. ಲೋಕ ತಿರುಗದಿದ್ದರೂ ನನ್ನ ಮನಸ್ಸಿನಲ್ಲಿ ಆ ಮುದುಕಿ ಇದ್ದಳು. ಅವಳು ಯಾವ ಊರಿನ ಅಂಗಡಿಗೆ ಹೋಗುವುದಿಲ್ಲ, ಯಾಕೆ, ಎಲ್ಲ ನನಗೆ ಗೊತ್ತು. ಅದೂ ಅರ್ಥಗಾರಿಕೆಯೇ ಅಲ್ವಾ?

ಅರ್ಥಧಾರಿ (ಸಿದ್ದಾಪುರ)

ಹೌದು ತಮಾ, ಅದೂ ಅರ್ಥಗಾರಿಕೆಯೇ. ಎದುರು ಕೃಷ್ಣ ಇಲ್ಲದೆ ಹೇಳಿದ್ದು, ಆದರೂ ಹೌದು. ಎದುರಿನವನು ತಿರುಗುವುದು ಹೇಗಿರುತ್ತದೆ ನೋಡಬೇಕು ಅಂದರೆ 2010ರ ಫಾಲೌಟ್: ನ್ಯೂ ವೇಗಸ್ ಆಡು. ಯಾವ ಪಂಗಡದ ಬಟ್ಟೆ ಹಾಕಿದ್ದೀಯ ಅಂತ ನೋಡಿಯೇ ಗುಂಡು ಹಾರಿಸುತ್ತಾರೆ.

ಘಟ್ಟದ ತಿರುವು (ಯಲ್ಲಾಪುರ)

ಮ್ಯಾಪ್ ಎಷ್ಟು ದೊಡ್ಡದು ಅನ್ನುವ ಜಾಹೀರಾತು ನೋಡಿ ಸಾಕಾಗಿದೆ. 1996ರ ಡ್ಯಾಗರ್‌ಫಾಲ್ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡದು ಅಂತ ಹೇಳಿಕೊಂಡಿದ್ದರು. ಸುಮಾರು 15 ಸಾವಿರ ಊರು, ಗುಹೆ. ಹೆಚ್ಚಿನದು ಕಂಪ್ಯೂಟರ್ ಹೊಸೆದದ್ದು. ಸ್ಕೈರಿಮ್ 40 ಚದರ ಕಿಲೋಮೀಟರಿಗೂ ಕಡಿಮೆ, ನಮ್ಮ ತಾಲೂಕಿನ ಒಂದು ಮೂಲೆ ಅಷ್ಟೇ. ಜನರಿಗೆ ನೆನಪಿರುವುದು ಯಾವುದು? 2023ರ ಸ್ಟಾರ್‌ಫೀಲ್ಡ್ ಸಾವಿರಕ್ಕೂ ಜಾಸ್ತಿ ಗ್ರಹ ಕೊಟ್ಟಿತು. ಒಂದು ಗ್ರಹದಲ್ಲಿ ನೋಡಿದ ಕಟ್ಟಡವೇ ಇನ್ನೊಂದರಲ್ಲೂ, ಒಳಗೆ ಮೇಜಿನ ಮೇಲಿನ ವಸ್ತು ಕೂಡ ಅದೇ ಜಾಗದಲ್ಲಿ. ಅದನ್ನು ನೋಡಿದ ಮೇಲೆ ನನಗೆ ಮುಂದೆ ಹೋಗುವ ಮನಸ್ಸೇ ಬರಲಿಲ್ಲ.

ಒಬ್ಬ ತಾಯಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ನಾನು ಆಡುವವಳಲ್ಲ. ಮಗ ಈ ಎಲ್ಡನ್ ರಿಂಗ್ ಅಂತ ರಾತ್ರಿ ಒಂದರವರೆಗೆ ಕೂರುತ್ತಾನೆ. ಎರಡನೇ ಪಿಯುಸಿ. ಇದರಲ್ಲಿ ದುಡ್ಡು ಕಟ್ಟುವುದು ಏನಾದರೂ ಇದೆಯಾ? ಬೈದರೆ ಬಾಗಿಲು ಹಾಕಿಕೊಳ್ಳುತ್ತಾನೆ.

ಹಾರ್ನ್‌ಬಿಲ್ (ದಾಂಡೇಲಿ)

ಅಮ್ಮ, ಅದರಲ್ಲಿ ಬಾಜಿ ಇಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಆ ಭಯ ಬೇಡ. ಆದರೆ ರಾತ್ರಿ ಒಂದು ಜಾಸ್ತಿಯಾಯಿತು. ಒಂದು ಮಾತು ಹೇಳಲಾ? ಒಂದು ಸಂಜೆ ಪಕ್ಕದಲ್ಲಿ ಕೂತು "ಇದು ಯಾರು, ನೀನು ಎಲ್ಲಿಗೆ ಹೋಗುತ್ತಿದ್ದೀಯ" ಅಂತ ಕೇಳಿ. ನಮ್ಮಮ್ಮ ಹಾಗೆ ಮಾಡಿದ್ದರು. ಆಮೇಲೆ "ಹನ್ನೊಂದಕ್ಕೆ ನಿಲ್ಲಿಸು" ಅಂದಾಗ ನಾನು ನಿಲ್ಲಿಸಿದೆ, ಯಾಕೆಂದರೆ ಅವರು ನೋಡಿ ಹೇಳುತ್ತಿದ್ದಾರೆ ಅಂತ ಗೊತ್ತಿತ್ತು. ಅದರಲ್ಲಿ ಎಲ್ಲಿ ಬಿಟ್ಟರೂ ತಾನಾಗಿ ಸೇವ್ ಆಗುತ್ತದೆ, "ಇನ್ನೊಂದು ಹತ್ತು ನಿಮಿಷ" ಅಂದರೆ ನಂಬಬೇಡಿ.

ಒಬ್ಬ ತಾಯಿ (ಕುಮಟಾ)

ನೋಡುತ್ತೇನಪ್ಪ. ಒಳ್ಳೆಯದಾಗಲಿ.

ಕರಿ ಈಶಾಡು (ಅಂಕೋಲಾ)

ಪಶ್ಚಿಮ ಘಟ್ಟದ ಆಟ ಒಂದಿದೆ, ಗೊತ್ತಾ? ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ, 2017. ಹೊಯ್ಸಳರು, ಹಳೇಬೀಡು ಎಲ್ಲ ಬರುತ್ತದೆ. ಆರ್‌ಪಿಜಿ ಅಲ್ಲ ಅಂತ ಗೊತ್ತು, ಹಾರ್ನ್‌ಬಿಲ್ ಬರುವ ಮೊದಲೇ ಹೇಳಿದ್ದೇನೆ.

ವರದೆ (ಬನವಾಸಿ)

ಆಡಿದ್ದೇನೆ. ಜೀಪಿನಲ್ಲಿ ಕೆಸರು ದಾಟುವುದು ಖುಷಿ. ಆದರೆ ಅಲ್ಲಿ ಗುಡ್ಡದಷ್ಟು ದೊಡ್ಡ ಮೂರ್ತಿಗಳು. ಹೊಯ್ಸಳರ ಕೈಚಳಕ ಇರುವುದು ಬಳಪದ ಕಲ್ಲಿನಲ್ಲಿ ಬೆರಳ ಉಗುರಿನಷ್ಟು ಕೆತ್ತಿದ್ದರಲ್ಲಿ. ಹತ್ತಿರ ಹೋಗಿ ಬಗ್ಗಿ ನೋಡಬೇಕು. ಅದು ಆಟದಲ್ಲಿ ತಪ್ಪಿಹೋಗಿದೆ.

ನಮ್ಮ ಜಿಲ್ಲೆಯಲ್ಲೇ ಒಂದು ಆಟ ಮಾಡಿದರೆ ಹೇಗೆ? 16ನೇ ಶತಮಾನ. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದವಳು. ಘಟ್ಟದ ಮೇಲಿಂದ ಮೆಣಸು ಹೊತ್ತು ಇಳಿಯುವವನು ನೀವು. ಅಘನಾಶಿನಿ ದಡದ ಮಿರ್ಜಾನ್ ಕೋಟೆಗೆ ತಲುಪಿಸಬೇಕು. ಬಂದರಿನಲ್ಲಿ ಒಂದು ಭಾಷೆ, ಘಟ್ಟದ ಮೇಲೆ ಇನ್ನೊಂದು.

ಬಲೆ ದೋಣಿ (ಬೇಲೇಕೇರಿ)

ಮಳೆಗಾಲದಲ್ಲಿ ಹೊಳೆ ದಾಟಲು ಆಗಬಾರದು. ಬಂದರು ಮುಚ್ಚಿರಬೇಕು. ನಾಲ್ಕು ತಿಂಗಳು ಬೇರೆ ಕೆಲಸ ಹುಡುಕಬೇಕು. ಹಾಗಿದ್ದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ.

ಶರಾವತಿ ಸಂಗಮ (ಹೊನ್ನಾವರ)

ಕನ್ನಡ, ಕೊಂಕಣಿ ಎರಡರಲ್ಲೂ ಮಾತು ಇದ್ದರೆ ಬಾಣ ನನಗೂ ಬೇಡ.

ದಣಪೆ ದಾಟಿದವ (ಶಿರಸಿ)

ಕಾಳಿ ದಂಡೆಯವರೇ, ಮಾರೋವಿಂಡ್ ನೋಡುವ ಮನಸ್ಸಿದ್ದರೆ ಹಳೇ ಲ್ಯಾಪ್‌ಟಾಪ್ ಸಾಕು. ಆಟ ಕೊಂಡು, ಅದರ ಮೇಲೆ ಓಪನ್‌ಎಂಡಬ್ಲ್ಯು ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ, ಈಗಿನ ಸಿಸ್ಟಮ್‌ನಲ್ಲಿ ಸಲೀಸಾಗಿ ಓಡುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇಟ್ಟುಕೊಳ್ಳಿ. ಮೊದಲ ಕೆಲಸ ಬಾಲ್ಮೋರಾ ಊರಿಗೆ ಒಂದು ಪೊಟ್ಟಣ ತಲುಪಿಸುವುದು. ಹುಳ ಹತ್ತಬೇಡಿ, ನಡೆದೇ ಹೋಗಿ.

ಕಾಳಿ ದಂಡೆ (ಕಾರವಾರ)

ನಾಲ್ಕು ದಿನ ಆಯಿತು, ಬಂದು ಹೇಳುತ್ತಿದ್ದೇನೆ. ಹಾಕಿಕೊಂಡೆ. ಗ್ರಾಫಿಕ್ಸ್ ಹಳೆಯದು, ಅರ್ಧ ತಾಸಿಗೆ ಕಣ್ಣು ಒಗ್ಗಿತು. ಹುಳ ಹತ್ತಲಿಲ್ಲ. ಊರು ಬಿಟ್ಟು ಸ್ವಲ್ಪ ದೂರ ನಡೆದಿದ್ದೆ, ಮೇಲಿಂದ ಒಂದು ಕಿರುಚು. ತಲೆ ಎತ್ತುವಷ್ಟರಲ್ಲಿ ಒಬ್ಬ ಮನುಷ್ಯ ಆಕಾಶದಿಂದ ಬಂದು ನನ್ನ ಎದುರಿಗೇ ಬಿದ್ದು ಸತ್ತ. ಅವನ ಹತ್ತಿರ ಹಾರುವ ಮಂತ್ರದ ಸುರುಳಿಗಳು, ಒಂದು ದಿನಚರಿ. ಹಾರಲು ಕಂಡುಹಿಡಿದಿದ್ದಾನೆ, ಇಳಿಯಲು ಇಲ್ಲ. ಇದನ್ನು ಯಾವ ಬಾಣವೂ ತೋರಿಸಲಿಲ್ಲ, ನಾನು ಆ ದಾರಿಯಲ್ಲಿ ನಡೆದದ್ದಕ್ಕೆ ಸಿಕ್ಕಿತು.

ನೋಟ್‌ಬುಕ್‌ನಲ್ಲಿ ಎರಡು ಪುಟ ತುಂಬಿದೆ. ದಾರಿಯಲ್ಲಿ ಕೈಕಂಬಗಳಿವೆ, ಹತ್ತಿರ ಹೋಗಿ ಓದಿಕೊಂಡು ಹೋಗುತ್ತಿದ್ದೇನೆ. ಪೆಲಾಜಿಯಾಡ್ ಅನ್ನುವ ಊರು ದಾಟಿದ ಮೇಲೆ ಎಲ್ಲೋ ತಪ್ಪಿದೆ, ಎಡಕ್ಕೆ ನೀರು ಬಂತು. ಬಾಲ್ಮೋರಾ ಇನ್ನೂ ಸಿಕ್ಕಿಲ್ಲ. ದಣಪೆಯವರೇ, ಹೇಳಬೇಡಿ. ನಾಳೆ ಹಿಂದಿನ ಕಂಬದಿಂದ ಮತ್ತೆ ಹೊರಡುತ್ತೇನೆ.